ಹಳೆಯ ಆಕ್ಟೇವಿಯಾ ಟರ್ಬೋ: ಬೂಸ್ಟ್ ಏರಿಸಲು ಕೈಕವಾಟವೋ, ಸೊಲೆನಾಯ್ಡೋ?

ಕೌಲ್‌ಬಜಾರ್ ಹುಡುಗ
ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ಗಾಡಿ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಲೀಟರ್ ಟರ್ಬೋ ಪೆಟ್ರೋಲ್, 150 ಪಿಎಸ್. ಇಂಜಿನ್ ಗಟ್ಟಿಯಾಗಿದೆ. ದಿನವೂ ತೋರಣಗಲ್ಲಿಗೆ ಕೆಲಸಕ್ಕೆ ಹೋಗಿಬರುವ ಗಾಡಿ, ರೇಸಿನದಲ್ಲ. ಬೂಸ್ಟ್, ಅಂದರೆ ಟರ್ಬೋ ಇಂಜಿನ್ನಿಗೆ ತುಂಬುವ ಗಾಳಿಯ ಒತ್ತಡ, 0.8 ಬಾರ್‌ಗೆ ಏರಿದರೆ ಸಾಕು. ಒಬ್ಬರು ಕೈಯಿಂದ ತಿರುಗಿಸುವ ಚೆಂಡು-ಸ್ಪ್ರಿಂಗ್ ಕವಾಟ ಹಾಕು ಎನ್ನುತ್ತಾರೆ, ಇನ್ನೊಬ್ಬರು ಎಲೆಕ್ಟ್ರಾನಿಕ್ ಕಂಟ್ರೋಲರ್ ಎನ್ನುತ್ತಾರೆ, ಗ್ಯಾರೇಜಿನವರು ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಲೆಕ್ಕವನ್ನೇ ಬದಲಿಸುವುದು) ಎನ್ನುತ್ತಾರೆ. ಯಾವುದನ್ನು ಹಾಕಿಸಲಿ?

ಗಣಿಧೂಳು
ಚೆಂಡು-ಸ್ಪ್ರಿಂಗ್. ಇದಕ್ಕೆ ಚರ್ಚೆಯೇ ಬೇಡ. ನೀವು ಹೊಂದಿಸಿದ ಒತ್ತಡ ಬರುವ ತನಕ ಚೆಂಡು ದಾರಿ ಬಿಡುವುದಿಲ್ಲ, ಅಲ್ಲಿಯವರೆಗೆ ವೇಸ್ಟ್‌ಗೇಟ್ (ಟರ್ಬೋ ತಿರುಗಿಸುವ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಬಿಗಿಯಾಗಿ ಮುಚ್ಚಿರುತ್ತದೆ, ಟರ್ಬೋ ಬೇಗ ಏಳುತ್ತದೆ. ವೈರಿಂಗ್ ಇಲ್ಲ, ಲ್ಯಾಪ್‌ಟಾಪ್ ಇಲ್ಲ, ಕೆಡುವಂಥದ್ದು ಏನೂ ಇಲ್ಲ. ಸಂಡೂರಿನ ಕಡೆ ಅದಿರು ಲಾರಿಗಳನ್ನು ದಾಟಿ ಹೋಗಬೇಕಾದವನಿಗೆ ಇಷ್ಟು ಸಾಕು.

ಶಕ್ತಿನಗರ ವೋಲ್ಟ್
"ಕೆಡುವಂಥದ್ದು ಏನೂ ಇಲ್ಲ" ಎಂದಿರಾ? ಆ ಕವಾಟದ ಪಕ್ಕೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ, ಗಾಳಿಯ ಒತ್ತಡದಿಂದ ವೇಸ್ಟ್‌ಗೇಟ್ ತೆರೆಯುವ ಆಕ್ಚುಯೇಟರ್‌ನ ಪೈಪಿನಲ್ಲಿ ಉಳಿದ ಗಾಳಿ ಹೊರಹೋಗುವುದು ಅದರಿಂದಲೇ. ನಿಮ್ಮ ಅದಿರಿನ ಕೆಂಪು ಧೂಳು ಅದನ್ನು ಮುಚ್ಚಿದರೆ ಒತ್ತಡ ಒಳಗೇ ಉಳಿದು ವೇಸ್ಟ್‌ಗೇಟ್ ಅರೆತೆರೆದು ನಿಲ್ಲುತ್ತದೆ, ಗಾಡಿ ಎಳೆಯುವುದಿಲ್ಲ. ಚೆಂಡೇ ಸಿಕ್ಕಿಕೊಂಡರೆ ವೇಸ್ಟ್‌ಗೇಟ್ ತೆರೆಯುವುದೇ ಇಲ್ಲ, ಬೂಸ್ಟ್ ಏರುತ್ತಲೇ ಹೋಗುತ್ತದೆ.

ಅದಿರಲಿ. ಈ ಇಂಜಿನ್ನಿಗೆ ಕಾರ್ಖಾನೆಯಲ್ಲೇ ಎನ್75 ಎಂಬ ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ, ಹಾಕಿದ್ದಾರೆ. ಇಸಿಯು (ಇಂಜಿನ್ ಕಂಪ್ಯೂಟರ್) ತನಗೆ ಬೇಕಾದ ಒತ್ತಡವನ್ನು ತಾನೇ ಲೆಕ್ಕಹಾಕಿ, ಸೊಲೆನಾಯ್ಡನ್ನು ಪಟಪಟನೆ ತೆರೆದು ಮುಚ್ಚಿ ಅಷ್ಟೇ ಹಿಡಿಯುತ್ತದೆ. ನಡುವೆ ನಿಮ್ಮ ಕವಾಟ ಬಂದರೆ ಲೆಕ್ಕ ತಪ್ಪಿತೆಂದು ಥ್ರಾಟಲ್ ಮುಚ್ಚುತ್ತದೆ, ಬೂಸ್ಟ್ ಮಿತಿಮೀರಿತು ಎನ್ನುವ ಪಿ0234 ಕೋಡ್ ದಾಖಲಿಸಿ ಗಾಡಿಯ ಕಸುವನ್ನೇ ತೆಗೆದುಬಿಡುತ್ತದೆ. ರೀಮ್ಯಾಪ್ ಮಾಡಿಸಿ, ಇರುವ ಸೊಲೆನಾಯ್ಡನ್ನೇ ಉಳಿಸಿಕೊಳ್ಳಿ.

ಗಣಿಧೂಳು
"ಸೂಜಿಮೊನೆಯಷ್ಟು ರಂಧ್ರ" ಮುಚ್ಚಿದರೆ ಸೂಜಿಯಿಂದಲೇ ಚುಚ್ಚುತ್ತೇನೆ. ಸೊಲೆನಾಯ್ಡ್ ಸುಟ್ಟರೆ ಯಾವ ಸೂಜಿ ತರುತ್ತೀರಿ?

ಶಕ್ತಿನಗರ ವೋಲ್ಟ್
ಸೊಲೆನಾಯ್ಡ್‌ಗೆ ಕರೆಂಟ್ ನಿಂತುಹೋದರೆ ಗಾಳಿ ನೇರವಾಗಿ ಆಕ್ಚುಯೇಟರ್‌ಗೆ ಹೋಗುತ್ತದೆ. ಬೂಸ್ಟ್ ಆಕ್ಚುಯೇಟರ್ ಸ್ಪ್ರಿಂಗ್‌ನ ಮೂಲ ಒತ್ತಡಕ್ಕೆ ಇಳಿಯುತ್ತದೆ. ಗಾಡಿ ಮಂದವಾಗುತ್ತದೆ, ಪಿಸ್ಟನ್ ಉಳಿಯುತ್ತದೆ. ಕೆಡುವುದಾದರೆ ಹೀಗೆ ಕೆಡಬೇಕು.

ಗಂಗಾವತಿ ಗೇರ್
ಇಷ್ಟೆಲ್ಲ ಖರ್ಚು ಯಾಕೆ ಸ್ವಾಮಿ? ಮೀನಿನ ತೊಟ್ಟಿಗೆ ಗಾಳಿ ಬಿಡುವ ಪ್ಲಾಸ್ಟಿಕ್ ಕವಾಟ ಸಿಗುತ್ತದೆ. ಆಕ್ಚುಯೇಟರ್‌ಗೆ ಹೋಗುವ ಪೈಪಿನಲ್ಲಿ ಒಂದು ಟಿ ಕೂಡಿಸಿ ಅದನ್ನು ಹಾಕಿ. ಗಾಳಿಯನ್ನು ಸ್ವಲ್ಪ ಹೊರಗೆ ಸೋರಬಿಟ್ಟರೆ ಆಕ್ಚುಯೇಟರ್‌ಗೆ ಒತ್ತಡ ಕಡಿಮೆ ತಲುಪುತ್ತದೆ, ವೇಸ್ಟ್‌ಗೇಟ್ ತಡವಾಗಿ ತೆರೆಯುತ್ತದೆ, ಬೂಸ್ಟ್ ಏರುತ್ತದೆ. ನನ್ನ ಗಾಡಿಯಲ್ಲಿ ಕಳೆದ ದೀಪಾವಳಿಯಿಂದ ಇದೆ. ಎರಡು ಪ್ಲೇಟ್ ಒಗ್ಗರಣೆ-ಮಿರ್ಚಿಯ ಖರ್ಚು.

ಶಕ್ತಿನಗರ ವೋಲ್ಟ್
ಮೀನಿನ ತೊಟ್ಟಿಯ ಕವಾಟ! ಹೊರಗೆ 42 ಡಿಗ್ರಿ ಇರುವಾಗ 0.8 ಬಾರ್‌ಗೆ ಅದುಮಿದ ಗಾಳಿ ಕಂಪ್ರೆಸರ್‌ನಿಂದ ಎಷ್ಟು ಬಿಸಿಯಾಗಿ ಹೊರಬರುತ್ತದೆ ಗೊತ್ತೇ? ಕಂಪ್ರೆಸರ್‌ನ ದಕ್ಷತೆ ಶೇ 70 ಎಂದು ಹಿಡಿದರೂ 125 ಡಿಗ್ರಿ ದಾಟುತ್ತದೆ. ಕುದಿಯುವ ನೀರೂ ಅಷ್ಟು ಬಿಸಿ ಇರುವುದಿಲ್ಲ. ಬೂಸ್ಟ್ ಇರುವಷ್ಟು ಹೊತ್ತೂ ಆ ಗಾಳಿ ನಿಮ್ಮ ಪ್ಲಾಸ್ಟಿಕ್ಕಿನ ಮೂಲಕವೇ ಹರಿಯುತ್ತದೆ. ಅದರ ಜೊತೆಗೆ ಇಂಜಿನ್ನಿನ ನಡುಕ. ತಿರುಪು ಯಾವಾಗ ತಾನಾಗಿ ತಿರುಗುತ್ತದೆಯೋ ಯಾರು ಬಲ್ಲರು?

ಗಂಗಾವತಿ ಗೇರ್
"ಎಂದು ಹಿಡಿದರೂ" ಎಂದರೆ ನೀವೇ ಹಿಡಿದುಕೊಂಡಿದ್ದು, ಅಳೆದಿದ್ದಲ್ಲ. ಗಾಳಿ ಎರಡು ಮೊಳ ರಬ್ಬರ್ ಪೈಪ್ ದಾಟಿ ಬರುವಷ್ಟರಲ್ಲಿ ಆರಿರುತ್ತದೆ. ಗಾಡಿ ನಿಲ್ಲಿಸಿದ ಕೂಡಲೇ ಕೈಯಿಂದ ಮುಟ್ಟಿ ನೋಡಿದ್ದೇನೆ, ಬೆಚ್ಚಗಿತ್ತು, ಅಷ್ಟೇ. ಇನ್ನು ಆ 42 ಡಿಗ್ರಿ ನಿಮ್ಮ ರಾಯಚೂರಿನದು. ನಮ್ಮದು ಕಾಲುವೆ, ಗದ್ದೆಗಳ ಊರು. ನಿಮ್ಮ ಬಿಸಿಲನ್ನು ನಮ್ಮ ತಲೆಗೆ ಕಟ್ಟಬೇಡಿ.

ಗಣಿಧೂಳು
42ಕ್ಕೇ ರಾಯಚೂರಿನವರು ಬೀಗುವುದು ಬೇಡ. ಏಪ್ರಿಲ್ ಮಧ್ಯಾಹ್ನ ನಮ್ಮ ರಾಯಲ್ ವೃತ್ತದ ಸಿಗ್ನಲ್ಲಿನಲ್ಲಿ ನಿಂತು ನೋಡಿ, ಬಾನೆಟ್ಟಿನ ಮೇಲೆ ಜೋಳದ ರೊಟ್ಟಿ ಬೇಯುತ್ತದೆ.

ಶಕ್ತಿನಗರ ವೋಲ್ಟ್
ಯಾವ ಊರಿನ ಬಿಸಿಲು ದೊಡ್ಡದು ಎಂದು ನಾನು ಕೇಳಿಲ್ಲ. ನಾನು ಕೇಳಿದ್ದು ಪ್ಲಾಸ್ಟಿಕ್ ವಿಷಯ.

ಗಂಗಾವತಿ ಗೇರ್
"ಪ್ಲಾಸ್ಟಿಕ್ ವಿಷಯ" ತಾನೇ? ನಿಮ್ಮ ಎನ್75 ಯಾವುದರದ್ದು? ತಾಮ್ರದ್ದೋ, ಹಿತ್ತಾಳೆಯದ್ದೋ?

ಶಕ್ತಿನಗರ ವೋಲ್ಟ್
ಅದು ಇಂಜಿನ್ ಪಕ್ಕದ ಬಿಸಿಗೆಂದೇ ಮಾಡಿದ ಪ್ಲಾಸ್ಟಿಕ್. ನಿಮ್ಮದು ಗಪ್ಪಿ ಮೀನುಗಳಿಗೆ ಮಾಡಿದ್ದು. ಇನ್ನೊಂದು: ನೀವು ಹೊರಗೆ ಬಿಡುವ ಗಾಳಿಯನ್ನು ಏರ್‌ಫ್ಲೋ ಮೀಟರ್ ಆಗಲೇ ಅಳೆದಾಗಿದೆ. ಇಸಿಯು ಅದಕ್ಕೂ ಸೇರಿಸಿ ಪೆಟ್ರೋಲ್ ಹಾಕುತ್ತದೆ. ಎನ್75 ಆ ಗಾಳಿಯನ್ನು ಮತ್ತೆ ಟರ್ಬೋದ ಒಳದಾರಿಗೇ ತಿರುಗಿಸುತ್ತದೆ. ಅದನ್ನು ರೂಪಿಸಿದವರು ಸುಮ್ಮನೆ ಒಂದು ಪೈಪ್ ಹೆಚ್ಚು ಹಾಕಿದರು ಎಂದುಕೊಂಡಿರಾ?

ಗಂಗಾವತಿ ಗೇರ್
ಉಸಿರಿನಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಹೋದೀತು? ಒಂದು ಸಿಗ್ನಲ್ಲಿನಲ್ಲಿ ಇಂಜಿನ್ ಆರಿಸದೆ ನಿಂತರೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಲೆಕ್ಕ ಹೇಳಿ ಹೆದರಿಸುವುದನ್ನು ಬಿಡಿ.

ಮೋತಿಸರ್ಕಲ್ ಟಿಎಸ್‌ಐ
ಎಲ್ಲರೂ ಪೈಪ್, ಪೈಪ್ ಎನ್ನುತ್ತಿದ್ದೀರಿ. ನನ್ನ ಪೋಲೋ ಜಿಟಿಯ 1.2 ಟಿಎಸ್‌ಐನಲ್ಲಿ ವೇಸ್ಟ್‌ಗೇಟ್‌ಗೆ ಪೈಪೇ ಇಲ್ಲ. ವಿದ್ಯುತ್ ಮೋಟಾರ್ ಅದನ್ನು ತೆರೆದು ಮುಚ್ಚುತ್ತದೆ. ಅಲ್ಲಿಗೆ ಚೆಂಡೂ ಇಲ್ಲ, ಮೀನೂ ಇಲ್ಲ, ಇರುವ ದಾರಿ ರೀಮ್ಯಾಪ್ ಒಂದೇ. ಅದಕ್ಕೂ ಮೇರೆ ಇದೆ. ಆ ಡಿಎಸ್‌ಜಿ (ಜೋಡಿ ಕ್ಲಚ್‌ನ ಆಟೋಮ್ಯಾಟಿಕ್) ಗೇರ್‌ಬಾಕ್ಸ್ 250 ನ್ಯೂಟನ್ ಮೀಟರ್ ತಿರುಚುಬಲದವರೆಗೆ ಎಂದು ಮಾಡಿದ್ದು. ಬೂಸ್ಟ್ ಏರಿಸುವ ಮೊದಲು ಕ್ಲಚ್ ತಡೆಯುತ್ತದೆಯೇ ಎಂದು ಇಲ್ಲಿ ಒಬ್ಬರೂ ಕೇಳಲಿಲ್ಲ.

ಗಣಿಧೂಳು
ಕೇಳಿದವರ ಗಾಡಿ ಆಕ್ಟೇವಿಯಾ. ನಿಮ್ಮ ಪೋಲೋ ಕಥೆ ಯಾರಿಗೆ ಬೇಕಿತ್ತು?

ಆರ್‌ಸಿ ಪುಸ್ತಕ
ಯಾರೂ ಕಾನೂನಿನ ಮಾತೆತ್ತಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೇ ಇಂಥದ್ದನ್ನು.

ಗಂಗಾವತಿ ಗೇರ್
ಆರ್‌ಸಿಯಲ್ಲಿ ಮೀನಿನ ಕವಾಟದ ಕಾಲಂ ಎಲ್ಲಿದೆ, ತೋರಿಸಿ.

ಶಕ್ತಿನಗರ ವೋಲ್ಟ್
ಕೈಕವಾಟದವರಿಗೆ ಒಂದು ಪ್ರಶ್ನೆ, ಮೀನಿನವರೂ ಉತ್ತರಿಸಬಹುದು. ಸ್ಪ್ರಿಂಗ್ ಹೊರಗಿನ ಗಾಳಿಗೆ ಹೋಲಿಸಿ ಒತ್ತಡ ಹಿಡಿಯುತ್ತದೆ, ಇಸಿಯು ಹೊರಗಿನ ಒತ್ತಡವನ್ನೂ ಅಳೆದು ಒಟ್ಟು ಒತ್ತಡದ ಲೆಕ್ಕದಲ್ಲಿ ಹಿಡಿಯುತ್ತದೆ. ಬಳ್ಳಾರಿಯಲ್ಲಿ ಹೊರಗಿನ ಒತ್ತಡ ಸುಮಾರು 0.95 ಬಾರ್, ಬೆಂಗಳೂರಿನಲ್ಲಿ 0.91ರ ಆಸುಪಾಸು. ಇಲ್ಲಿ ಹೊಂದಿಸಿದ ಕವಾಟ ಅಲ್ಲಿ ಇಂಜಿನ್ನಿಗೆ ಕಡಿಮೆ ಗಾಳಿ ಕೊಡುತ್ತದೆ. ಅದನ್ನು ಯಾರು ಸರಿದೂಗಿಸುತ್ತಾರೆ?

ಗಣಿಧೂಳು
ನಾನು ಬೆಂಗಳೂರಿಗೆ ರೈಲಿನಲ್ಲಿ ಹೋಗುತ್ತೇನೆ.

ಶಕ್ತಿನಗರ ವೋಲ್ಟ್
ಇದು ಉತ್ತರವೇ? ಹೀಗೆ ಮಾತಾಡುವವರಿಂದಲೇ ಗ್ಯಾರೇಜುಗಳಲ್ಲಿ ತೂತುಬಿದ್ದ ಪಿಸ್ಟನ್‌ಗಳ ರಾಶಿ ಬೀಳುವುದು. ಬಿಸಿಗಾಳಿ, ಸಾಧಾರಣ ಪೆಟ್ರೋಲ್, ಅದರ ಮೇಲೆ ಲೆಕ್ಕವಿಲ್ಲದ ಬೂಸ್ಟ್. ಇಂಜಿನ್ ನಾಕ್ ಮಾಡಿದಾಗ (ಒಳಗೆ ಪೆಟ್ರೋಲ್ ಹತೋಟಿ ತಪ್ಪಿ ಸಿಡಿದಾಗ) ಇಸಿಯು ಇಗ್ನಿಷನ್ ಟೈಮಿಂಗ್ ಹಿಂದೆ ಸರಿಸಿ ನಿಮ್ಮನ್ನು ಕಾಪಾಡುತ್ತಿದೆ. ಹಾಗೆ ಕಾಪಾಡುವಾಗ ನೀವು ಏರಿಸಿದ ಬೂಸ್ಟಿನ ಕಸುವೆಲ್ಲ ಅಲ್ಲೇ ಹೋಗುತ್ತದೆ. ಗೇಜಿನ ಮುಳ್ಳು ಮೇಲೇರುವುದನ್ನು ನೋಡಿ ನೀವು ಖುಷಿಪಡುತ್ತೀರಿ, ಅಷ್ಟೇ.

ಗಣಿಧೂಳು
"ಪಿಸ್ಟನ್‌ಗಳ ರಾಶಿ" ಎಂದಿರಾ? ಒಂದರ ಫೋಟೋ ಹಾಕಿ ನೋಡೋಣ.

ಕೌಲ್‌ಬಜಾರ್ ಹುಡುಗ
ಅಣ್ಣಂದಿರೇ, ಒಂದು ಮಾತು. ನಿನ್ನೆ ಗೆಳೆಯನ ಸ್ಕ್ಯಾನರ್ ಹಚ್ಚಿ ನೋಡಿದೆ. ಯಾವುದೇ ಬದಲಾವಣೆ ಇಲ್ಲದ ಗಾಡಿಯಲ್ಲೇ ಇಸಿಯು ಕೇಳುವ ಒತ್ತಡಕ್ಕೂ ಸಿಗುವ ಒತ್ತಡಕ್ಕೂ ಅಂತರವಿದೆ, ಸಿಗುವುದು ಕಡಿಮೆ. ಎನ್75ಗೆ ಹೋಗುವ ಪೈಪು ಕೊನೆಯಲ್ಲಿ ಬಿರುಕು ಬಿಟ್ಟಿದೆ, ಬೆರಳಿಗೆ ಎಣ್ಣೆಯ ಜಿಡ್ಡು ಹತ್ತಿತು.

ಗಣಿಧೂಳು
ನೋಡಿದಿರಾ? ಸೊಲೆನಾಯ್ಡ್ ವ್ಯವಸ್ಥೆ ಎಂದರೆ ಇದೇ ಹಣೆಬರಹ.

ಶಕ್ತಿನಗರ ವೋಲ್ಟ್
ಬಿರುಕು ಬಿಟ್ಟಿದ್ದು ರಬ್ಬರ್. ಆ ರಬ್ಬರ್ ನಿಮ್ಮ ಚೆಂಡಿಗೂ ಬೇಕು. ಆಕ್ಚುಯೇಟರ್ ಕಡೆಯ ಪೈಪು ಕಿತ್ತುಕೊಂಡರೆ ಯಾವ ವ್ಯವಸ್ಥೆಯಲ್ಲಾದರೂ ವೇಸ್ಟ್‌ಗೇಟ್ ತೆರೆಯುವುದಿಲ್ಲ. ತಮ್ಮಾ, ಹಳೆಯ ಪೈಪುಗಳನ್ನೆಲ್ಲ ತೆಗೆದುಹಾಕು, ಒಳ್ಳೆಯ ಸಿಲಿಕಾನ್ ಪೈಪು ಹಾಕಿ ಎರಡೂ ತುದಿಗೆ ಕ್ಲ್ಯಾಂಪ್ ಬಿಗಿ. ಇಂಟರ್‌ಕೂಲರ್ ಪೈಪುಗಳಲ್ಲೂ ಸೋರಿಕೆ ಇದೆಯೇ ನೋಡು. ಆಮೇಲೆ ಮತ್ತೆ ಸ್ಕ್ಯಾನರ್ ಹಚ್ಚು, ರೀಮ್ಯಾಪ್ ಮಾತು ಅದಾದ ಮೇಲೆ.

ಮೋತಿಸರ್ಕಲ್ ಟಿಎಸ್‌ಐ
ಕ್ಲಚ್ ಬಗ್ಗೆ ಈಗಲೂ ಯಾರೂ ಹೇಳಲಿಲ್ಲ.

ಸಿಂಧನೂರು ಡೀಸೆಲ್
ಎಲ್ಲವನ್ನೂ ಓದಿದೆ. ಆ ಮೀನಿನ ಕವಾಟ ನನ್ನ ಸ್ವಿಫ್ಟ್ ಡೀಸೆಲ್‌ಗೆ ಹೊಂದುತ್ತದೆಯೇ? ಗಂಗಾವತಿಯಲ್ಲಿ ಅಂಗಡಿ ಎಲ್ಲಿದೆ?

ಶಕ್ತಿನಗರ ವೋಲ್ಟ್
ಡೀಸೆಲ್‌ನಲ್ಲಿ ಕಸುವು ನಿಂತಿರುವುದು ಎಷ್ಟು ಡೀಸೆಲ್ ಸುರಿಯುತ್ತೀರಿ ಎನ್ನುವುದರ ಮೇಲೆ. ಬರೀ ಗಾಳಿ ಏರಿಸಿ ಏನು ಮಾಡುತ್ತೀರಿ?

ಗಂಗಾವತಿ ಗೇರ್
ಅವರ ಮಾತು ಬಿಡಿ. ಭಾನುವಾರ ಬಸ್ ನಿಲ್ದಾಣದ ಹತ್ತಿರ ಬಂದು ಫೋನ್ ಮಾಡಿ, ನಾನೇ ಕೊಡಿಸುತ್ತೇನೆ. ಎರಡು ತೆಗೆದುಕೊಳ್ಳಿ, ಒಂದು ಡಿಕ್ಕಿಯಲ್ಲಿರಲಿ.

ಶಕ್ತಿನಗರ ವೋಲ್ಟ್
ಡಿಕ್ಕಿಯಲ್ಲಿ ಇನ್ನೊಂದು ಯಾಕೆ? ಕೆಡುವುದಿಲ್ಲ ತಾನೇ?