ಎರಡು ಕಾದಂಬರಿ ಹೋಲಿಸಿ ಬರೆಯಲು ಹೋದರೆ ಬರೀ ಕಥಾಸಾರ ಆಗುತ್ತಿದೆ, ಏನು ಮಾಡಲಿ?

ಗಂಗೋತ್ರಿ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಎರಡನೇ ವರ್ಷ. ಭೈರಪ್ಪನವರ ‘ವಂಶವೃಕ್ಷ’ ಮತ್ತು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಇಟ್ಟುಕೊಂಡು ವಿಧವೆಯ ಬದುಕು ಅನ್ನುವ ವಸ್ತುವಿನ ಮೇಲೆ 20 ಪುಟದ ಸಂಪ್ರಬಂಧ ಬರೆಯಬೇಕು. ನಮ್ಮಜ್ಜಿ ಊರು ನಂಜನಗೂಡು, ‘ವಂಶವೃಕ್ಷ’ದ ವಿಧವೆ ಕಾತ್ಯಾಯಿನಿ ಅಲ್ಲಿಂದ ರೈಲು ಹತ್ತಿ ಮೈಸೂರಿಗೆ ಓದಲು ಬರುವ ದಾರಿ ನನಗೆ ಚೆನ್ನಾಗಿ ಗೊತ್ತು, ಅದಕ್ಕೇ ಆರಿಸಿಕೊಂಡೆ.

ಮೊದಲ ಕರಡು 12 ಪುಟ ಆಯಿತು. ಗೈಡ್ ಓದಿ, "ಇದರಲ್ಲಿ ಭೈರಪ್ಪ ಇದ್ದಾರೆ, ಎಂ.ಕೆ. ಇಂದಿರಾ ಇದ್ದಾರೆ, ನೀನೆಲ್ಲಮ್ಮ?" ಅಂದರು. ಬೇಜಾರಾಯಿತು. ಆದರೆ ಮನೆಗೆ ಬಂದು ಓದಿದರೆ ಅವರು ಹೇಳಿದ್ದು ನಿಜವೇ. ಮೊದಲ ಆರು ಪುಟ ಕಾತ್ಯಾಯಿನಿ ಕಥೆ, ಆಮೇಲೆ ಐದೂವರೆ ಪುಟ ಫಣಿಯಮ್ಮನ ಕಥೆ, ಕೊನೆಗೆ ಅರ್ಧ ಪುಟ ‘ಸಾಮ್ಯ ಮತ್ತು ವ್ಯತ್ಯಾಸ’. ಸಾಮ್ಯ ಏನಪ್ಪಾ ಅಂದರೆ ಇಬ್ಬರೂ ಬ್ರಾಹ್ಮಣ ವಿಧವೆಯರು. ವ್ಯತ್ಯಾಸ ಏನು? ಒಬ್ಬಳು ಮತ್ತೆ ಮದುವೆಯಾದಳು, ಇನ್ನೊಬ್ಬಳು ಆಗಲಿಲ್ಲ. ಇಷ್ಟು ಹೇಳೋಕೆ 12 ಪುಟ ಬೇಕಿತ್ತಾ!

ಹೋಲಿಕೆಯನ್ನು ಹೇಗೆ ಕೂರಿಸಬೇಕು? ‘ಇಂದಿರಾಬಾಯಿ’ಯನ್ನೂ ಸೇರಿಸಿದರೆ ತೂಕ ಬರುತ್ತದಾ? ಮೂರು ವಾರ ಟೈಮ್ ಇದೆ.

ಮಂಡ್ಯದ ಮೇಷ್ಟ್ರು

ನೋಡಮ್ಮ, ನಮ್ಮ ಕಾಲೇಜಿನಲ್ಲೂ ಪ್ರತಿ ವರ್ಷ ಹೀಗೇ ಬರೆದುಕೊಂಡು ಬರುತ್ತಾರೆ. ಎರಡು ಪಾತ್ರೆಗೆ ಬೇರೆ ಬೇರೆ ಅನ್ನ ಬಡಿಸಿ, ಕೊನೆಗೆ ಎರಡೂ ಅನ್ನವೇ ಅಂತ ಹೇಳಿದ ಹಾಗೆ.

‘ವಿಧವೆಯ ಬದುಕು’ ಅನ್ನುವುದು ವಿಷಯ, ಆಶಯ ಅಲ್ಲ. ಆ ವಿಷಯದ ಬಗ್ಗೆ ಕೃತಿ ಏನು ಅನ್ನುತ್ತದೆ, ಯಾವ ಕಡೆ ವಾಲುತ್ತದೆ ಅನ್ನುವುದು ಆಶಯ. ಅದು ಕಥೆ ಹೇಳಿದರೆ ಸಿಗುವುದಿಲ್ಲ, ಪ್ರಶ್ನೆ ಕೇಳಿದರೆ ಸಿಗುತ್ತದೆ. ಅದೂ ಒಂದೇ ಪ್ರಶ್ನೆಯನ್ನು ಎರಡೂ ಪುಸ್ತಕಕ್ಕೆ ಕೇಳಬೇಕು. ನಾನಾಗಿದ್ದರೆ ‘ಇವಳ ಮೈ ಯಾರ ಸೊತ್ತು?’ ಅಂತ ಕೇಳುತ್ತಿದ್ದೆ. ಫಣಿಯಮ್ಮನಿಗೆ ಏನೂ ತಿಳಿಯದ ವಯಸ್ಸಿನಲ್ಲಿ ಗಂಡ ಸಾಯುತ್ತಾನೆ, ದೊಡ್ಡವಳಾದಾಗ ತಲೆ ಬೋಳಿಸುತ್ತಾರೆ, ಅವಳನ್ನು ಯಾರೂ ಕೇಳುವುದಿಲ್ಲ. ಕಾತ್ಯಾಯಿನಿ ತಾನಾಗಿ ಮನೆ ಬಿಟ್ಟು ರಾಜನನ್ನು ಮದುವೆಯಾಗುತ್ತಾಳೆ. ಆದರೆ ಮೊದಲ ಗಂಡನಿಂದಾದ ಮಗ ಚೀನಿಯನ್ನು ಕರೆದೊಯ್ಯಲು ನಂಜನಗೂಡಿಗೆ ಬಂದಾಗ ಏನಾಗುತ್ತದೆ? ಬರಿಗೈಲಿ ವಾಪಸ್ ಹೋಗುತ್ತಾಳೆ. ಅಲ್ಲಿಗೆ ಮಗು ತಾಯಿಯದಲ್ಲ, ವಂಶದ್ದು. ತಲೆಗೂದಲ ದೃಶ್ಯವನ್ನೂ ಮಗುವಿನ ದೃಶ್ಯವನ್ನೂ ಪಕ್ಕ ಪಕ್ಕ ಇಟ್ಟು ಎರಡು ಪುಟ ಬರೆದು ನೋಡು. ಕಥಾಸಾರ ತಾನಾಗೇ ಉದುರುತ್ತದೆ.

‘ಇಂದಿರಾಬಾಯಿ’ ಮೂರನೇ ಕೃತಿಯಾಗಿ ಬೇಡ. 20 ಪುಟಕ್ಕೆ ಎರಡೇ ಜಾಸ್ತಿ. ಪೀಠಿಕೆಯಲ್ಲಿ ಒಂದು ಪ್ಯಾರಾ ಸಾಕು. 1899ರಲ್ಲಿ ಗುಲ್ವಾಡಿ ವೆಂಕಟರಾಯರು ವಿಧವೆಗೆ ಓದು ಕೊಟ್ಟು, ಮದುವೆ ಮಾಡಿಸಿ, ಒಳ್ಳೆಯದಾಯಿತು ಅಂತ ಮುಗಿಸಿದರು. 1965ರಲ್ಲಿ ಬಂದ ‘ವಂಶವೃಕ್ಷ’ದಲ್ಲೂ ಓದು ಇದೆ, ಮದುವೆ ಇದೆ, ಒಳ್ಳೆಯದು ಮಾತ್ರ ಆಗುವುದಿಲ್ಲ. ಈ 66 ವರ್ಷದಲ್ಲಿ ಕಾದಂಬರಿಕಾರರ ನಂಬಿಕೆ ಎಲ್ಲಿ ಹೋಯಿತು? ಇಲ್ಲಿಂದ ಶುರು ಮಾಡಬಹುದು.

ಕೆರೆ ದಂಡೆ

ಮೂರು ವಾರ ಯಾಕೆ, ಎಐಗೆ ಹೇಳಿದರೆ ಮೂರು ನಿಮಿಷ.

ಓದುಗಾತಿ

@ಕೆರೆ ದಂಡೆ, ಮೂರು ನಿಮಿಷದಲ್ಲಿ ಇನ್ನೊಂದು ಕಥಾಸಾರ ಬರುತ್ತದೆ ಅಷ್ಟೇ. ಅದು ಅವಳ ಹತ್ತಿರ ಆಗಲೇ ಇದೆ.

ತಂಗಿ, ಮೇಷ್ಟ್ರು ಹೇಳಿದ್ದು ಸರಿ. ಅದರ ಮೇಲೆ ನನ್ನದೊಂದು. ಫಣಿಯಮ್ಮ ಎದುರಾಡಿದವಳಲ್ಲ. ನೂರು ವರ್ಷ ದಾಟಿದ ಬಾಳಿನಲ್ಲಿ ಮಡಿ, ಒಪ್ಪೊತ್ತಿನ ಊಟ, ಎಲ್ಲರ ಮನೆ ಕೆಲಸ. ಅಂಥವಳು ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳುವುದಿಲ್ಲ ಅಂದಾಗ ಆ ಹುಡುಗಿಯ ಕಡೆ ನಿಲ್ಲುತ್ತಾಳೆ. ಇಡೀ ಕಾದಂಬರಿ ಆ ಒಂದು ಮಾತಿಗೆ ಕಾದ ಹಾಗಿದೆ. ಕಾತ್ಯಾಯಿನಿಯದು ಉಲ್ಟಾ. ಅವಳು ಕಟ್ಟು ಮುರಿದು ಹೊರಗೆ ಬಂದವಳು. ಆಮೇಲೆ ಗರ್ಭ ನಿಲ್ಲುವುದಿಲ್ಲ, ಮನಸ್ಸಿಗೆ ನೆಮ್ಮದಿ ಇಲ್ಲ, ಕೊನೆಗೆ ಸಾಯುತ್ತಾಳೆ. ಬಂಡೇಳದವಳ ಕಥೆ ಬಂಡಾಯದ ಕಡೆ ನಡೆಯುತ್ತದೆ, ಬಂಡೆದ್ದವಳ ಕಥೆ ಹಿಂದಕ್ಕೆ ಎಳೆಯುತ್ತದೆ. ಪಾತ್ರ ಒಂದು ಕಡೆ, ಕೃತಿ ಇನ್ನೊಂದು ಕಡೆ. ನಿನ್ನ ವಾದ ಇದೇ ಆಗಬಹುದಲ್ವಾ?

ಇನ್ನೊಂದು ವಿಷಯ. ‘ಫಣಿಯಮ್ಮ’ ಲೇಖಕಿಯ ಮನೆತನದಲ್ಲೇ ಬಾಳಿದ ಹಿರಿಯಳೊಬ್ಬಳ ಕಥೆ, ಹೆಂಗಸರ ಬಾಯಿಂದ ಹೆಂಗಸರಿಗೆ ಬಂದದ್ದು. ಕಥೆ ಯಾರ ಕಣ್ಣಿಂದ ಕಾಣುತ್ತಿದೆ ಅನ್ನುವುದನ್ನು ಬಿಡಬೇಡ. ಮತ್ತೆ ಪ್ರೇಮಾ ಕಾರಂತರ ಸಿನಿಮಾ ನೋಡಿದ್ದರೆ ಸ್ವಲ್ಪ ಹುಷಾರು. ನಾನು ಒಂದು ಸಲ ಸಿನಿಮಾದಲ್ಲಿ ಕಂಡದ್ದನ್ನು ಪುಸ್ತಕದ ಮೇಲೆ ಹಾಕಿ ಬರೆದು ವೈವಾದಲ್ಲಿ ಮುಖ ಕೆಂಪು ಮಾಡಿಕೊಂಡಿದ್ದೇನೆ.

ಮಂಡ್ಯದ ಮೇಷ್ಟ್ರು

ಓದುಗಾತಿ ಮೇಡಂ, ವಾದ ಚೆನ್ನಾಗಿದೆ, ಆದರೆ ಅಷ್ಟು ಸಲೀಸಲ್ಲ. ಕಾತ್ಯಾಯಿನಿಗೆ ಕಾದಂಬರಿ ಶಿಕ್ಷೆ ಕೊಟ್ಟಿತು ಅನ್ನುವುದು ಹಳೇ ಆಕ್ಷೇಪ. ಹಾಗಾದರೆ ಅವಳ ಮಾವ ಶ್ರೋತ್ರಿಗಳಿಗೆ ಆದದ್ದೇನು? ಬಾಳೆಲ್ಲಾ ವಂಶ ವಂಶ ಅಂತ ಧರ್ಮದಲ್ಲಿ ನಡೆದ ಮನುಷ್ಯನಿಗೆ ತನ್ನ ಹುಟ್ಟೇ ಆ ವಂಶದ್ದಲ್ಲ ಅಂತ ಗೊತ್ತಾಗುತ್ತದೆ. ಮಗುವನ್ನು ಯಾವ ಮಾತಿನ ಮೇಲೆ ಉಳಿಸಿಕೊಂಡರೋ ಆ ಮಾತೇ ಕುಸಿಯಿತು. ಅಂದರೆ ಕೃತಿ ತನ್ನ ನಂಬಿಕೆಯನ್ನು ತಾನೇ ಅಲ್ಲಾಡಿಸಿದೆ. ತಂಗಿ ಇದನ್ನು ಮುಚ್ಚಿಟ್ಟು ಬರೆದರೆ ಓದಿದವರು ಹಿಡಿಯುತ್ತಾರೆ. ಎದುರು ವಾದವನ್ನು ತಾನೇ ಎತ್ತಿ, ಅದಕ್ಕೆ ಉತ್ತರ ಬರೆಯಲಿ. ಅಲ್ಲಿ ಅವಳು ಕಾಣುತ್ತಾಳೆ. ಗೈಡ್ ಕೇಳಿದ್ದೂ ಅದನ್ನೇ.

ಓದುಗಾತಿ

ಒಪ್ಪಿದೆ ಸರ್. ಆದರೂ ಶ್ರೋತ್ರಿಗಳಿಗೆ ಸತ್ಯ ಗೊತ್ತಾದ ಮೇಲೂ ಮನೆ ಬಿಟ್ಟು ಹೊರಡುವ ದೊಡ್ಡತನ ಸಿಗುತ್ತದೆ. ಕಾತ್ಯಾಯಿನಿಗೆ ಸಿಗುವುದು ಸಾವು. ಕುಸಿಯುವುದರಲ್ಲೂ ಗಂಡಿಗೊಂದು, ಹೆಣ್ಣಿಗೊಂದು.

ಸೀನಿಯರ್ ಒಬ್ಬ

ದೊಡ್ಡವರು ದೊಡ್ಡ ಮಾತು ಆಡಿಯಾಯಿತು, ನಾನು ಗುಮಾಸ್ತನ ಕೆಲಸ ಹೇಳುತ್ತೇನೆ. ಎರಡು ಪುಸ್ತಕಕ್ಕೂ ಒಂದೊಂದೇ ಮುದ್ರಣ ಇಟ್ಟುಕೊಳ್ಳಿ. ನಾನು ಅರ್ಧ ಲೈಬ್ರರಿ ಪ್ರತಿ, ಅರ್ಧ ಫ್ರೆಂಡ್ ಪ್ರತಿ ನೋಡಿ ಪುಟಸಂಖ್ಯೆ ಹಾಕಿದ್ದೆ, ಕೊನೆ ವಾರ ಅಡಿಟಿಪ್ಪಣಿ ಒಂದೂ ತಾಳೆ ಆಗಲಿಲ್ಲ. ಓದುವಾಗಲೇ ಸಾಲು, ಪುಟ, ‘ಇದು ಯಾಕೆ ಬೇಕು’ ಅಂತ ಮೂರು ಮಾತು ಬರೆದಿಡಿ. ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಇಲ್ಲದ ಸಾಲನ್ನು ಪೇಪರಿಗೆ ತರಬೇಡಿ. ವಿಮರ್ಶೆಗೆ ‘ಪ್ರಬುದ್ಧ ಕರ್ಣಾಟಕ’ದ ಹಳೇ ಸಂಚಿಕೆ ತೆಗೆದು ನೋಡಿ, ಆದರೆ ನಿಮ್ಮ ವಾದ ಒಂದು ಸಾಲಿಗೆ ಬಂದ ಮೇಲೆ ಮಾತ್ರ. ಮೊದಲೇ ಓದಿದರೆ ಅವರ ಮಾತೇ ನಿಮ್ಮ ಬಾಯಲ್ಲಿ ಬರುತ್ತದೆ.

‘ನುಡಿ’ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಮೇಲ್ ಮಾಡಬೇಡಿ, ಗೈಡ್ ಮೊಬೈಲಿನಲ್ಲಿ ಏನೇನೋ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಯೂನಿಕೋಡ್‌ನಲ್ಲೇ ಬರೆಯಿರಿ.

ಗಂಗೋತ್ರಿ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಎರಡು ದೃಶ್ಯ ಪಕ್ಕ ಪಕ್ಕ ಇಟ್ಟು ಬರೆದೆ. ಎರಡು ಪುಟ ಅಂದುಕೊಂಡಿದ್ದು ಐದು ಆಯಿತು, ಕಥೆ ಎಲ್ಲೂ ಹೇಳಿಲ್ಲ. ಓದುಗಾತಿ ಅಕ್ಕನ ವಾದ ಹಿಡಿದಿದ್ದೇನೆ, ಮೇಷ್ಟ್ರ ಶ್ರೋತ್ರಿಗಳ ಮಾತಿಗೆ ಇನ್ನೂ ಉತ್ತರ ಹೊಳೆದಿಲ್ಲ, ಒಂದು ಹೊತ್ತು ಮೇಷ್ಟ್ರೇ ಸರಿ ಅನ್ನಿಸುತ್ತದೆ, ಇನ್ನೊಂದು ಹೊತ್ತು ಅಕ್ಕ. ಅಜ್ಜಿಗೆ ಫೋನ್ ಮಾಡಿ ಮಗುವಿನ ದೃಶ್ಯ ಓದಿ ಹೇಳಿದೆ. "ಅವಳು ಕೂಸನ್ನ ಎತ್ಕೊಂಡು ರೈಲು ಹತ್ತಿಬಿಡಬೇಕಿತ್ತು" ಅಂದರು. ಇದನ್ನು ಅಡಿಟಿಪ್ಪಣಿಯಲ್ಲಿ ಹಾಕಬಹುದಾ ಮೇಷ್ಟ್ರೇ?

ಮಂಡ್ಯದ ಮೇಷ್ಟ್ರು

ಅಡಿಟಿಪ್ಪಣಿ ಯಾಕಮ್ಮ, ಪೀಠಿಕೆಯಲ್ಲೇ ಹಾಕು. ಅಜ್ಜಿಯನ್ನು ಕೇಳಿ ಹಾಕು.