ಕುತ್ತಿಗೆ ಕಪ್ಪು ತಿಕ್ಕಿದರೆ ಹೋಗುತ್ತಾ? ಚರ್ಮದ ಡಾಕ್ಟರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯಿಂದ ಒಬ್ಬ ತಾಯಿ):
ಡಾಕ್ಟ್ರೇ, ಮಗಳಿಗೆ 16 ವರ್ಷ, ಪಿಯುಸಿ ಓದುತ್ತಿದ್ದಾಳೆ. ಒಂದು ವರ್ಷದಿಂದ ಕುತ್ತಿಗೆಯ ಹಿಂದೆ ಕಪ್ಪಾಗಿದೆ, ಕಂಕುಳಲ್ಲೂ ಇದೆ. ಸರಿಯಾಗಿ ಮೈ ತೊಳೆಯೋದಿಲ್ಲ ಅಂತ ಅಜ್ಜಿ ದಿನಾ ಬೈಯುತ್ತಾರೆ. ಕಡಲೆಹಿಟ್ಟು, ಲಿಂಬು, ಸಕ್ಕರೆ ಎಲ್ಲ ಹಾಕಿ ತಿಕ್ಕಿದ್ದಾಯ್ತು. ಈಗ ಉರಿ ಬೇರೆ. ಗಲ್ಲದ ಮೇಲೆ ಮೊಡವೆಯೂ ಜಾಸ್ತಿ. ಯಾವ ಕ್ರೀಮ್ ಹಚ್ಚಲಿ?

ಉತ್ತರ:
ಅಕ್ಕಾ, ಮೊದಲು ಆ ಲಿಂಬು ನಿಲ್ಲಿಸಿ. ತಿಕ್ಕಿದಷ್ಟೂ ಚರ್ಮ ಇನ್ನೂ ಕಪ್ಪಾಗುತ್ತದೆ. ಅಜ್ಜಿಗೂ ಹೇಳಿ, ಇದು ಕೊಳೆ ಅಲ್ಲ.

ಆ ಜಾಗ ಮುಟ್ಟಿ ನೋಡಿ. ಮಖಮಲ್ಲಿನ ಹಾಗೆ ಮೆತ್ತಗೆ, ಸ್ವಲ್ಪ ದಪ್ಪ ಅನಿಸುತ್ತಾ? ಹಾಗಿದ್ದರೆ ಇದು ಅಕಾಂತೋಸಿಸ್ ನೈಗ್ರಿಕಾನ್ಸ್ ಇರಬಹುದು. ಹೆಸರು ಕೇಳಿ ಗಾಬರಿ ಬೇಡ, ಹದಿಹರೆಯದವರಲ್ಲಿ ತುಂಬ ನೋಡುತ್ತೇವೆ. ಮೈಯಲ್ಲಿ ಇನ್ಸುಲಿನ್ (ರಕ್ತದ ಸಕ್ಕರೆ ಇಳಿಸುವ ಹಾರ್ಮೋನು) ಇದೆ, ಆದರೆ ಅದರ ಮಾತು ನಡೆಯುತ್ತಿಲ್ಲ. ಅದಕ್ಕೆ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ. ಹೆಚ್ಚಾದ ಇನ್ಸುಲಿನ್ ಚರ್ಮದ ಕಣಗಳನ್ನು ಬೇಗ ಬೇಗ ಬೆಳೆಸುತ್ತದೆ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಅದು ಮೊದಲು ಕಾಣುತ್ತದೆ. ಇನ್ಸುಲಿನ್ ಜಾಸ್ತಿಯಾದಾಗ ಗಂಡು ಹಾರ್ಮೋನೂ ಏರಬಹುದು. ಗಲ್ಲದ ಮೊಡವೆಗೂ ಅದಕ್ಕೂ ನಂಟು ಇರಬಹುದು.

ಮುಟ್ಟು ತಿಂಗಳು ತಿಂಗಳು ಬರುತ್ತಾ? ಗಲ್ಲ, ಮೇಲ್ದುಟಿ ಮೇಲೆ ದಪ್ಪ ಕೂದಲು ಬರುತ್ತಿದೆಯಾ? ಖಾಲಿ ಹೊಟ್ಟೆಯ ಶುಗರ್ ಮತ್ತು ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯದ್ದು 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು.

ಅದೇ ತಾಯಿ:
ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ತೂಕ 74 ಕೆಜಿ. ಬೆಳಿಗ್ಗೆ ದೋಸೆಗೆ ಜೋನಿ ಬೆಲ್ಲ ಬೇಕೇ ಬೇಕು. ಬೆಲ್ಲ ಸಕ್ಕರೆಗಿಂತ ಒಳ್ಳೆಯದಲ್ವಾ?

ಉತ್ತರ:
ಇನ್ಸುಲಿನ್ ವಿಷಯದಲ್ಲಿ ಬೆಲ್ಲ, ಸಕ್ಕರೆ ಎರಡೂ ಹೆಚ್ಚುಕಮ್ಮಿ ಒಂದೇ ಅಕ್ಕಾ. ಶಿರಸಿ ಕಡೆಯವರಿಗೆ ಜೋನಿ ಬೆಲ್ಲ ಬಿಡಿ ಅನ್ನೋಕೆ ನನಗೂ ಬಾಯಿ ಬರೋದಿಲ್ಲ, ಭಾನುವಾರಕ್ಕೆ ಇಟ್ಟುಕೊಳ್ಳಲಿ. ಉಳಿದ ದಿನ ದೋಸೆಗೆ ಚಟ್ನಿ. ಅನ್ನ ಒಂದು ಸೌಟು ಕಡಿಮೆ, ಪಲ್ಯ, ಕಾಳು ಜಾಸ್ತಿ. ತಂಬುಳಿ ಧಾರಾಳ ಉಣ್ಣಲಿ. ಬೇಕರಿ ತಿಂಡಿ, ಬಾಟಲಿ ಜ್ಯೂಸ್ ಮನೆಗೆ ತರಲೇಬೇಡಿ. ಇದ್ದರೆ ತಿನ್ನುತ್ತಾರೆ, ಅಷ್ಟೇ.

ದಿನಾ ಒಂದು ಗಂಟೆ ಮೈ ಬೆವರಬೇಕು. ನಡಿಗೆಯೋ ಶಟಲ್ಲೋ, ಅವಳಿಗೆ ಇಷ್ಟವಾದದ್ದು. ರಾತ್ರಿ ಎಂಟು ಗಂಟೆ ನಿದ್ದೆ. ನಿದ್ದೆ ಕೆಟ್ಟರೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡೋದಿಲ್ಲ. ಮುಟ್ಟಿನ ವಿಷಯಕ್ಕೆ ಹೆಂಗಸರ ಡಾಕ್ಟರಿಗೆ ಒಮ್ಮೆ ತೋರಿಸಿ, ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ ಇದೆಯಾ ನೋಡುತ್ತಾರೆ. ಕಪ್ಪು ತಿಳಿಯಾಗಲು ತಿಂಗಳುಗಳೇ ಬೇಕು. ಇನ್ನೊಂದು: ಅವಳ ಎದುರು ತೂಕದ ಮಾತು ಎತ್ತಬೇಡಿ, ಅಡುಗೆ ಇಡೀ ಮನೆಗೇ ಬದಲಾಗಲಿ.

ಓದುವ ಬೇರೆಯವರಿಗೂ ಒಂದು ಮಾತು. ವಯಸ್ಸಾದವರಿಗೆ ತೂಕ ಇಳಿಯುತ್ತಾ ಇದೇ ಥರ ಕಪ್ಪು ದಿಢೀರ್ ಅಂತ ಹರಡಿದರೆ ಕಾಯಬೇಡಿ. ಅಪರೂಪಕ್ಕೆ ಹೊಟ್ಟೆಯ ಕ್ಯಾನ್ಸರಿನಲ್ಲೂ ಹೀಗಾಗುತ್ತದೆ.

ಪ್ರಶ್ನೆ (ಕಾರವಾರ):
ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಅಂತಾರೆ. ನಿಜವಾ ಸರ್?

ಉತ್ತರ:
ಅಲ್ಲ. ತೊನ್ನಿನಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ಚರ್ಮಕ್ಕೆ ಬಣ್ಣ ಕೊಡುವ ಕಣಗಳ ಮೇಲೆ ಬೀಳುತ್ತದೆ. ಮೀನೂ ಕಾರಣ ಅಲ್ಲ, ಹಾಲೂ ಅಲ್ಲ. ಮೀನು, ಹಾಲು ಮುಟ್ಟದವರಿಗೂ ತೊನ್ನು ಬರುತ್ತದೆ. ಅದು ಅಂಟುವುದೂ ಇಲ್ಲ. ಬಂಗುಡೆ ಧೈರ್ಯವಾಗಿ ತಿನ್ನಿ.

ಪ್ರಶ್ನೆ (ಬೈತಖೋಲ್, ಬೋಟಿನಲ್ಲಿ ಕೆಲಸ):
ತೊಡೆಸಂದಿಯಲ್ಲಿ ಉಂಗುರದ ಹಾಗೆ ಕೆಂಪು, ಭಾರೀ ತುರಿಕೆ. ಮೆಡಿಕಲ್ಲಿನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದರೆ ನಾಲ್ಕು ದಿನ ಕಡಿಮೆ, ಬಿಟ್ಟರೆ ಡಬಲ್. ರಕ್ತ ಕೆಟ್ಟಿದೆಯಾ?

ಉತ್ತರ:
ರಕ್ತ ಕೆಟ್ಟಿಲ್ಲ ಅಣ್ಣಾ. ಇದು ಹುಳಕಡ್ಡಿ, ಅಂದರೆ ಫಂಗಸ್ ಅನಿಸುತ್ತದೆ. ಒದ್ದೆ ಬಟ್ಟೆ, ಬೆವರು, ನಮ್ಮ ಕರಾವಳಿಯ ಸೆಕೆ ಅದಕ್ಕೆ ಹಬ್ಬ. ಟ್ಯೂಬಿನ ಮೇಲೆ ಕ್ಲೊಬೆಟಸಾಲ್ ಅಥವಾ ಬೀಟಾಮೆಥಾಸೋನ್ ಅಂತ ಇದ್ದರೆ ಅದು ಸ್ಟೆರಾಯ್ಡ್. ತುರಿಕೆ ಅಡಗಿಸುತ್ತದೆ, ಒಳಗೆ ಫಂಗಸ್ ಬೆಳೆಯುತ್ತಾ ಹೋಗುತ್ತದೆ. ಚೀಟಿ ಇಲ್ಲದೆ ಇಂಥ ಟ್ಯೂಬ್ ಮಾರಲೇಬಾರದು, ಆದರೂ ಮಾರುತ್ತಾರೆ. ನನಗೆ ಸಿಟ್ಟು ಬರೋದು ಇಲ್ಲೇ.

ಅದನ್ನು ಬಿಟ್ಟು, ಬಂದು ತೋರಿಸಿ. ಔಷಧಿ ವಾರಗಟ್ಟಲೆ ಬೇಕು, ತುರಿಕೆ ನಿಂತ ಕೂಡಲೇ ಬಿಡಬಾರದು. ಬೋಟಿನಿಂದ ಇಳಿದ ಮೇಲೆ ಸಿಹಿನೀರಿನ ಸ್ನಾನ, ಒಣ ಹತ್ತಿ ಚಡ್ಡಿ. ಟವೆಲ್ ಬೇರೆ ಇಡಿ. ಮನೆಯಲ್ಲಿ ಬೇರೆಯವರಿಗೂ ತುರಿಕೆ ಇದ್ದರೆ ಒಟ್ಟಿಗೇ ಚಿಕಿತ್ಸೆ ಆಗಬೇಕು. ವಾಸಿಯಾಗಿ ಮತ್ತೆ ಮತ್ತೆ ಬಂದರೆ ಶುಗರ್ ನೋಡಿಸಿ.

ಪ್ರಶ್ನೆ (ಯಲ್ಲಾಪುರ, 41 ವರ್ಷದ ಟೀಚರ್):
ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯುತ್ತೇನೆ. ಆದರೂ ಮೈ ಒಣಗಿ ಬಿಳಿ ಬಿಳಿ. ಕೂದಲೂ ಉದುರುತ್ತಿದೆ.

ಉತ್ತರ:
ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು ಮೇಡಂ. ಅದಕ್ಕಿಂತ ಜಾಸ್ತಿ ಕುಡಿದದ್ದು ಚರ್ಮಕ್ಕೆ ಹೋಗೋದಿಲ್ಲ, ಟಾಯ್ಲೆಟ್ಟಿಗೆ ಹೋಗುತ್ತದೆ. ತೀರಾ ಬಿಸಿ ನೀರಿನ ಸ್ನಾನ ಬಿಡಿ. ಮೈ ಒರೆಸಿದ ಕೂಡಲೇ, ಇನ್ನೂ ತೇವ ಇರುವಾಗಲೇ ಎಣ್ಣೆ ಅಥವಾ ಮಾಯಿಶ್ಚರೈಸರ್ ಹಚ್ಚಿ. ಒಡೆದ ಹಿಮ್ಮಡಿಗೆ ನಿಮ್ಮ ಕಡೆಯ ಮುರುಗಲ ತುಪ್ಪ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಇದರ ಜೊತೆ ಸುಸ್ತು, ಮಲಬದ್ಧತೆ, ಬೇರೆಯವರಿಗಿಂತ ಜಾಸ್ತಿ ಚಳಿ, ಹುಬ್ಬಿನ ಹೊರತುದಿ ತೆಳ್ಳಗಾಗುವುದು ಇದೆಯಾ? ಇದ್ದರೆ ಥೈರಾಯ್ಡ್ ನಿಧಾನವಾಗಿರಬಹುದು. ಥೈರಾಯ್ಡಿನ ಟಿಎಸ್ಎಚ್ ಪರೀಕ್ಷೆ ಜೊತೆಗೆ ಹಿಮೋಗ್ಲೋಬಿನ್, ಮೈಯಲ್ಲಿ ಕಬ್ಬಿಣಾಂಶ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಮಾಡಿಸಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ. ಇಲ್ಲದಿದ್ದರೆ ಥೈರಾಯ್ಡ್ ರಿಪೋರ್ಟ್ ತಪ್ಪು ಬರಬಹುದು.