ಸ್ಟ್ಯಾಕರ್‌ನ ಎನ್‌ಕೋಡರನ್ನು ಪ್ರೊಫಿಬಸ್‌ಗೆ ಜೋಡಿಸಿದ ಮೇಲೆ ಎರಡು ತೊಂದರೆಗಳು

ಪ್ರಶ್ನೆ (ಸೇಡಂನಿಂದ)

ಎಲ್ಲರಿಗೂ ಶರಣು. ನಾನು ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟೇಷನ್ ವಿಭಾಗದಲ್ಲಿದ್ದೇನೆ. ಸುಣ್ಣದ ಕಲ್ಲನ್ನು ರಾಶಿ ಹಾಕುವ ನಮ್ಮ ಸ್ಟ್ಯಾಕರ್ ಹಳಿಯ ಮೇಲೆ 250 ಮೀಟರ್ ಓಡಾಡುತ್ತದೆ. ಚಕ್ರ ಎಷ್ಟು ತಿರುಗಿತೆಂದು ಎಣಿಸಿ ಯಂತ್ರದ ಜಾಗ ತಿಳಿಸುವ ಅದರ ಹಳೆಯ ಪಲ್ಸ್ ಎನ್‌ಕೋಡರ್ ಕರೆಂಟ್ ಹೋದಾಗಲೆಲ್ಲ ಲೆಕ್ಕ ಮರೆಯುತ್ತಿತ್ತು. ಆದ್ದರಿಂದ ಒಂದು ಸುತ್ತಿಗೆ 8192 ಹಂತಗಳಂತೆ 4096 ಸುತ್ತುಗಳನ್ನು ಎಣಿಸುವ 25 ಬಿಟ್‌ಗಳ ಆಬ್ಸಲ್ಯೂಟ್ (ಕರೆಂಟ್ ಹೋದರೂ ಜಾಗ ಮರೆಯದ) ಎನ್‌ಕೋಡರನ್ನು, ಮೋಟಾರ್ ತಿರುಗಿಸುವ 630 ಮಿ.ಮೀ. ವ್ಯಾಸದ ಚಕ್ರಕ್ಕೆ ಕೂರಿಸಿ, ಪ್ರೊಫಿಬಸ್ ಡಿಪಿ (ಹಲವು ಸಾಧನಗಳು ಒಂದೇ ಕೇಬಲಿನಲ್ಲಿ ಮಾಹಿತಿ ಕಳಿಸುವ ಜಾಲ, ಅಂದರೆ ಬಸ್) ಮೂಲಕ ಪಿಎಲ್‌ಸಿಗೆ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರಿಗೆ) ಜೋಡಿಸಿದೆವು. ಸಾಧನದ ವಿವರಗಳಿರುವ ಜಿಎಸ್‌ಡಿ ಕಡತ ಹಾಕಿದ್ದಾಗಿದೆ, ವಿಳಾಸ ಸರಿಯಿದೆ, ಅಂಕಿ ಬರುತ್ತಿದೆ. ವೇಗ ಸೆಕೆಂಡಿಗೆ 1.5 ಮೆಗಾಬಿಟ್. ಕಂಟ್ರೋಲ್ ರೂಮಿನಿಂದ ಕೇಬಲ್ ರೀಲ್ ಸೇರಿ ಒಟ್ಟು ಉದ್ದ ಸುಮಾರು 320 ಮೀಟರ್. ಕೊನೆಯ ಸಾಧನ ಎನ್‌ಕೋಡರೇ.

ಪ್ರತಿ ಪಾಳಿಯಲ್ಲಿ ನಾಲ್ಕೈದು ಬಾರಿ ಪಿಎಲ್‌ಸಿಯ ಬಿಎಫ್ (ಬಸ್ ದೋಷ ತೋರಿಸುವ) ದೀಪ ಹೊತ್ತಿಕೊಳ್ಳುತ್ತದೆ. ಸ್ಟ್ಯಾಕರ್‌ನ ಸಪ್ಲೈ ತೆಗೆದರಂತೂ ದಾರಿಯಲ್ಲಿರುವ ಕನ್ವೇಯರ್ ಪ್ಯಾನೆಲ್‌ಗಳೂ ಬಸ್‌ನಿಂದ ಬಿಟ್ಟುಹೋಗುತ್ತವೆ. ಇದಲ್ಲದೆ, ಯಂತ್ರ ಆ ತುದಿ ತಲುಪಿದಾಗ ಪರದೆಯ ಅಂಕಿ ನಿಜವಾದ ಜಾಗಕ್ಕಿಂತ ಒಂದು ಮೀಟರ್‌ನಷ್ಟು ಮುಂದಿರುತ್ತದೆ. ಸರಬರಾಜುದಾರರು ಎನ್‌ಕೋಡರನ್ನೇ ಬದಲಿಸಿ ಎನ್ನುತ್ತಾರೆ. ಬಲ್ಲವರು ದಾರಿ ತೋರಿಸಬೇಕು.

ಉತ್ತರ 1 (ಕಲಬುರಗಿಯಿಂದ)

ಎನ್‌ಕೋಡರ್ ಬದಲಿಸುವ ಆತುರ ಬೇಡ. ನೀವು ಹೇಳಿದ ಎರಡು ತೊಂದರೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ ಎಂದು ನನಗೆ ತೋರುತ್ತದೆ. ತಂತಿಯಲ್ಲಿ ಸಂದೇಶ ಕೆಟ್ಟರೆ ಪ್ರೊಫಿಬಸ್ ಅದನ್ನು ತಿರಸ್ಕರಿಸುತ್ತದೆಯೇ ಹೊರತು ಒಂದು ಮೀಟರ್ ಹೆಚ್ಚಿಸಿ ತೋರಿಸುವುದಿಲ್ಲ. ನಾನು ಬಸ್‌ನ ವಿಷಯವನ್ನಷ್ಟೇ ಹೇಳುತ್ತೇನೆ.

1.5 ಮೆಗಾಬಿಟ್ ವೇಗದಲ್ಲಿ ಒಂದು ಸೆಗ್ಮೆಂಟಿನ (ಬಸ್ ಕೇಬಲಿನ ಒಂದು ಅಖಂಡ ಭಾಗದ) ಮಿತಿ 200 ಮೀಟರ್, ನಿಮ್ಮದು 320. ವೇಗವನ್ನು 500 ಕಿಲೋಬಿಟ್‌ಗೆ ಇಳಿಸಿದರೆ 400 ಮೀಟರ್‌ವರೆಗೆ, 187.5ಕ್ಕೆ ಇಳಿಸಿದರೆ 1000 ಮೀಟರ್‌ವರೆಗೆ ನಡೆಯುತ್ತದೆ. ರೀಲ್‌ನ ಸ್ಲಿಪ್ ರಿಂಗ್ (ತಿರುಗುವ ಭಾಗಕ್ಕೆ ಸಂಪರ್ಕ ಕೊಡುವ ಉಂಗುರ) ನಡುವೆ ಇರುವುದರಿಂದ ನಾನಾದರೆ 187.5ಕ್ಕೇ ಇಳಿಸುತ್ತಿದ್ದೆ. ಯಂತ್ರ ನಿಮಿಷಕ್ಕೆ 20 ಮೀಟರ್ ಸಾಗುತ್ತದೆ ಎಂದುಕೊಳ್ಳಿ. ಬಸ್‌ನ ಒಂದು ಸರದಿಗೆ 20 ಮಿಲಿಸೆಕೆಂಡ್ ಹಿಡಿದರೂ ಅಷ್ಟರಲ್ಲಿ ಅದು ಸರಿಯುವುದು 7 ಮಿ.ಮೀ. ಮಾತ್ರ. ಕಲ್ಲಿನ ರಾಶಿಗೆ ಅದಕ್ಕಿಂತ ನಿಖರತೆ ಏಕೆ ಬೇಕು?

ಇನ್ನು ಟರ್ಮಿನೇಷನ್, ಅಂದರೆ ಸಂಕೇತ ಕೇಬಲಿನ ತುದಿಯಿಂದ ಮರಳಿ ಪ್ರತಿಫಲಿಸದಂತೆ ಹಾಕುವ ರೆಸಿಸ್ಟರ್‌ಗಳು. ಅದು ಎರಡು ತುದಿಗಳಲ್ಲಿ ಮಾತ್ರ ಆನ್ ಇರಬೇಕು. ಎಲ್ಲ ಸಪ್ಲೈ ತೆಗೆದು ಹಸಿರು ಮತ್ತು ಕೆಂಪು ತಂತಿಗಳ ನಡುವೆ ಅಳೆಯಿರಿ. ಸುಮಾರು 110 ಓಮ್, ಉದ್ದನೆಯ ಕೇಬಲ್ ಆದರೆ ತುಸು ಹೆಚ್ಚು ಬರಬೇಕು. 220ರ ಆಸುಪಾಸು ಬಂದರೆ ಒಂದು ತುದಿ ಆಫ್ ಇದೆ ಎಂದರ್ಥ. ಟರ್ಮಿನೇಷನ್ನಿನ ರೆಸಿಸ್ಟರ್‌ಗಳಿಗೆ ಕೊನೆಯ ಸಾಧನವೇ 5 ವೋಲ್ಟ್ ಒದಗಿಸುವುದರಿಂದ, ಎನ್‌ಕೋಡರಿನ ಸಪ್ಲೈ ಹೋದೊಡನೆ ಆ ತುದಿ ಅನಾಥವಾಗುತ್ತದೆ. ಕನ್ವೇಯರ್ ಪ್ಯಾನೆಲ್‌ಗಳು ಬಿಟ್ಟುಹೋಗುವುದಕ್ಕೆ ಇದೇ ಕಾರಣವಿರಬೇಕು. ಬೇರೆ ಸಪ್ಲೈನಿಂದ ನಡೆಯುವ ಆ್ಯಕ್ಟಿವ್ ಟರ್ಮಿನೇಟರ್ ಒಂದನ್ನು ಅಲ್ಲಿ ಹಾಕಿಸಿ.

ಉತ್ತರ 2 (ಬೀದರದಿಂದ)

ಕೇಬಲಿನ ಶೀಲ್ಡನ್ನು (ತಂತಿಗಳ ಸುತ್ತಲಿನ ಲೋಹದ ಹೊದಿಕೆಯನ್ನು) ಎರಡೂ ತುದಿಗಳಲ್ಲಿ ಅರ್ಥ್ ಮಾಡಿದ್ದೀರಾ? ಅರ್ಥಿಂಗಿಗೆ ನಮ್ಮ ಜಂಬಿಟ್ಟಿಗೆ ನೆಲಕ್ಕಿಂತ ನಿಮ್ಮ ಎರೆ ಮಣ್ಣು ಮೇಲು ನಿಜ, ಆದರೆ ಬೇಸಿಗೆಯಲ್ಲಿ ಅದು ಬಿರಿದು ರಾಡ್‌ನಿಂದ ದೂರ ಸರಿದುಬಿಡುತ್ತದೆ. ಆಗ ಕಂಟ್ರೋಲ್ ರೂಮಿಗೂ ಯಾರ್ಡಿಗೂ ಅರ್ಥ್ ವ್ಯತ್ಯಾಸ ಬಂದು ಶೀಲ್ಡಿನಲ್ಲೇ ಕರೆಂಟ್ ಹರಿಯತೊಡಗುತ್ತದೆ. ಕೇಬಲಿನ ಜೊತೆಗೇ ದಪ್ಪನೆಯ ಬಾಂಡಿಂಗ್ ತಂತಿಯೊಂದನ್ನು ಎಳೆಯಿರಿ.

ಉತ್ತರ 3 (ಯಾದಗಿರಿಯಿಂದ)

ಅಂಕಿಯ ತಪ್ಪಿನ ಬಗ್ಗೆ ಒಂದು ಪರೀಕ್ಷೆ ಮಾಡಿ: ಯಂತ್ರವನ್ನು ಮರಳಿ ಸೊನ್ನೆಯ ಗುರುತಿಗೆ ತಂದಾಗ ವ್ಯತ್ಯಾಸ ಪೂರ್ತಿ ಮಾಯವಾಗುತ್ತದೆಯೇ? ಮಾಯವಾದರೆ ಚಕ್ರ ಸವೆದಿದೆ. ಉಳಿದರೆ ಚಕ್ರ ಹಳಿಯ ಮೇಲೆ ಜಾರುತ್ತಿದೆ. 630 ಇದ್ದ ವ್ಯಾಸ 628 ಆದರೂ 250 ಮೀಟರಿಗೆ 80 ಸೆಂ.ಮೀ. ತಪ್ಪು ಬರುತ್ತದೆ. ಎನ್‌ಕೋಡರನ್ನು ಮೋಟಾರ್ ಇಲ್ಲದ, ಸುಮ್ಮನೆ ಉರುಳುವ ಚಕ್ರಕ್ಕೆ ವರ್ಗಾಯಿಸುವುದೇ ಸರಿ. ಹಳಿಯ ಬದಿಗೆ ಗೊತ್ತಾದ ಜಾಗದಲ್ಲಿ ಒಂದು ಪ್ರಾಕ್ಸಿಮಿಟಿ ಸ್ವಿಚ್ (ಯಂತ್ರ ಹತ್ತಿರ ಬಂದದ್ದನ್ನು ಮುಟ್ಟದೆಯೇ ಗುರುತಿಸುವ ಸ್ವಿಚ್) ನಿಲ್ಲಿಸಿ, ಅದನ್ನು ದಾಟುವಾಗ ಬಂದ ವ್ಯತ್ಯಾಸವನ್ನು ಪಿಎಲ್‌ಸಿಯಲ್ಲೇ ಕಳೆಯಿರಿ. ಎನ್‌ಕೋಡರಿಗೆ ಪ್ರಿಸೆಟ್ (ಈಗಿನ ಜಾಗದ ಅಂಕಿಯನ್ನು ಹೊಸದಾಗಿ ನಿಗದಿಪಡಿಸುವ ಆದೇಶ) ಕಳಿಸುವುದಿದ್ದರೆ ಯಂತ್ರ ನಿಂತಿರುವಾಗ ಮಾತ್ರ ಕಳಿಸಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಋಣಿ. ಅಳೆದಾಗ 220ಕ್ಕೆ ಹತ್ತಿರ ಬಂತು. ಪಿಎಲ್‌ಸಿ ಬದಿಯ ಕನೆಕ್ಟರಿನ ಸ್ವಿಚ್ಚನ್ನು ಯಾರೋ ಆಫ್ ಮಾಡಿದ್ದರು. ಆನ್ ಮಾಡಿದ ಮೇಲೆ 118 ಬಂತು. ವೇಗವನ್ನು 187.5ಕ್ಕೆ ಇಳಿಸಿ ನಾಲ್ಕು ದಿನವಾಯಿತು. ಯಂತ್ರದ ಸಪ್ಲೈ ತೆಗೆದ ಒಂದು ಸಲವನ್ನು ಬಿಟ್ಟರೆ ಬಿಎಫ್ ದೀಪ ಹೊತ್ತಿಲ್ಲ. ಟರ್ಮಿನೇಟರಿಗೆ ಇಂಡೆಂಟ್ ಹಾಕಿದ್ದೇನೆ. ಚಕ್ರದ ವ್ಯಾಸ 628 ಇದೆ; ಆ ಅಂಕಿಯನ್ನು ತಿದ್ದಿದ ಮೇಲೂ ಮರಳಿ ಬಂದಾಗ 20 ಸೆಂ.ಮೀ. ಉಳಿಯುತ್ತಿದೆ, ಅಂದರೆ ಜಾರುವುದೂ ಇದೆ. ಉರುಳುವ ಚಕ್ರಕ್ಕೆ ಬ್ರಾಕೆಟ್ ಮಾಡಿಸಲು ವರ್ಕ್‌ಶಾಪಿಗೆ ಹೇಳಿದ್ದು, ಮುಂದಿನ ಶಟ್‌ಡೌನ್‌ನಲ್ಲಿ ಕೂರಿಸುತ್ತೇವೆ.